ಹಳೆಯ ಸ್ಪೋರ್ಟ್ಸ್ ಕಾರು ಹೀಟ್ ಆಗ್ತಿದೆಯಾ? ರೇಡಿಯೇಟರ್ ಬದಲಿಸುವ ಮೊದಲು ಹೀಗೆ ಹುಡುಕಿ

ಮಾರ್ಚ್ ಮುಗಿಯುತ್ತಿದ್ದಂತೆ ಬೆಳಗಾವಿ ಕಡೆ ಹಳೆಯ ಕಾರು ಇಟ್ಟುಕೊಂಡವರೆಲ್ಲ ಒಂದೇ ಮಾತು ಹೇಳುತ್ತಾರೆ: ಗಾಡಿ ಹೀಟ್ ಆಗ್ತಿದೆ. ಅಂಥ ಗಾಡಿ ಗ್ಯಾರೇಜಿಗೆ ಹೋದರೆ ಮೊದಲು ಥರ್ಮೋಸ್ಟಾಟ್ (ನೀರು ಇಷ್ಟು ಬಿಸಿಯಾದ ಮೇಲೆ ಮಾತ್ರ ಅದನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆಗೆದುಹಾಕುತ್ತಾರೆ. ಆಮೇಲೆ ರೇಡಿಯೇಟರ್ ಬದಲಾಗುತ್ತದೆ. ಆಮೇಲೆ ವಾಟರ್ ಪಂಪ್. ಇಷ್ಟೆಲ್ಲ ಆದರೂ ಗೇಜಿನ ಮುಳ್ಳು ಕೆಳಗೆ ಇಳಿಯುವುದಿಲ್ಲ, ದುಡ್ಡು ಮಾತ್ರ ಹೋಗಿರುತ್ತದೆ. ಎಂಜಿನ್ ಹೀಟ್ ಆಗಲು ಹತ್ತಾರು ಕಾರಣಗಳಿವೆ. ಅವುಗಳಲ್ಲಿ ಬಹಳಷ್ಟನ್ನು ಹೊಸ ಸಾಮಾನು ಏನೂ ತರದೆ ಮನೆ ಮುಂದೆಯೇ ಪತ್ತೆ ಮಾಡಬಹುದು. ಯಾವಾಗ ಹೀಟ್ ಆಗುತ್ತದೆ, ನಿಜಕ್ಕೂ ಎಷ್ಟು ಹೀಟ್ ಆಗುತ್ತದೆ ಅನ್ನುವ ಎರಡು ವಿಷಯ ಮೊದಲು ಗೊತ್ತಾಗಬೇಕು. ಅದು ಗೊತ್ತಾಗುವವರೆಗೆ ಸ್ಪ್ಯಾನರ್ ಮುಟ್ಟಬೇಡಿ.

ಉದಾಹರಣೆಗೆ ಇಲ್ಲಿ ಎಂಜಿಬಿ ಕಾರನ್ನು ಇಟ್ಟುಕೊಂಡಿದ್ದೇನೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎರಡು ಸೀಟಿನ ಕಾರು ಇದು. ಅಲ್ಲಿನ ತಂಪು ಹವೆಯಲ್ಲಿ ಹುಟ್ಟಿದ ಗಾಡಿಯನ್ನು ನಾವು ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ಓಡಿಸುತ್ತಿದ್ದೇವೆ. ಆದರೂ ಎಲ್ಲ ಭಾಗಗಳೂ ಸರಿಯಾಗಿದ್ದರೆ ಅದು ಇಲ್ಲಿಯೂ ತಡೆಯುತ್ತದೆ. ಇದರ 1,798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್‌ನದು. ನಮ್ಮ ಹಳೆಯ ಅಂಬಾಸಿಡರ್‌ನ 1,489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಬಳಗದ್ದು. ಬಿಡಿಭಾಗಗಳೆಲ್ಲ ಒಂದಕ್ಕೊಂದು ಕೂಡುವುದಿಲ್ಲ, ಆದರೆ ಕೆಲಸ ಮಾಡುವ ಬಗೆ ಒಂದೇ. ಅದಕ್ಕೇ ಅಂಬಾಸಿಡರ್ ಕಾಲದ ಹಿರಿಯ ಮಿಸ್ತ್ರಿ ಯಾರಾದರೂ ನಿಮ್ಮ ಊರಲ್ಲಿದ್ದರೆ ಅವರನ್ನು ಬಿಡಬೇಡಿ. ಇವತ್ತಿನ ದೊಡ್ಡ ಶೋರೂಮಿಗಿಂತ ಅವರ ಕೈಗೇ ಈ ಎಂಜಿನ್ ಚೆನ್ನಾಗಿ ಗೊತ್ತು. ಟ್ರಯಂಫ್ ಸ್ಪಿಟ್‌ಫೈರ್, ಎಂಜಿ ಮಿಜೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೂ ಕೆಳಗಿನ ಕ್ರಮವೇ ನಡೆಯುತ್ತದೆ.

ದಾರಿಯಲ್ಲೇ ಹೀಟ್ ಆದರೆ

ಪರೀಕ್ಷೆಗೆ ಮೊದಲು ಇದೊಂದು ತಿಳಿದಿರಲಿ. ಮುಳ್ಳು ಏರುತ್ತಾ ಹೋಗುತ್ತಿದೆ, ಆದರೆ ಉಗಿ ಇನ್ನೂ ಕಾಣುತ್ತಿಲ್ಲ ಅಂದರೆ ಹೀಟರ್ ಪೂರ್ತಿ ತೆರೆಯಿರಿ, ಅದರ ಬ್ಲೋಯರ್ ಹಾಕಿ. ಬೇಸಿಗೆಯಲ್ಲಿ ಕಷ್ಟ ನಿಜ, ಆದರೆ ಅದು ಎರಡನೆಯ ಸಣ್ಣ ರೇಡಿಯೇಟರ್ ಆಗಿ ಕೆಲಸ ಮಾಡುತ್ತದೆ. ಗಾಡಿ ನಿಂತಲ್ಲೇ ನಿಂತಿದ್ದರೆ ನ್ಯೂಟ್ರಲ್‌ಗೆ ಹಾಕಿ ಎಂಜಿನ್ ವೇಗವನ್ನು 1,500 ಆರ್‌ಪಿಎಂ ಹತ್ತಿರ ಇಟ್ಟುಕೊಳ್ಳಿ. ಬೆಲ್ಟ್‌ನಿಂದ ತಿರುಗುವ ಫ್ಯಾನ್ ಮತ್ತು ಪಂಪ್ ಆಗ ಜೋರಾಗಿ ಓಡುತ್ತವೆ.

ಉಗಿ ಬಂತು ಅಂದರೆ ಪಕ್ಕಕ್ಕೆ ಹಾಕಿ ಆಫ್ ಮಾಡಿ, ಬಾನೆಟ್ ತೆರೆದಿಡಿ. ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಟಬೇಡಿ. ಒಳಗಿನ ನೀರು ಕುಕ್ಕರ್‌ನಲ್ಲಿ ಇರುವಂತೆ ಒತ್ತಡದಲ್ಲಿರುತ್ತದೆ. ಕ್ಯಾಪ್ ತೆಗೆದ ಕ್ಷಣಕ್ಕೆ ಮುಖಕ್ಕೇ ಚಿಮ್ಮುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಮೇಲಿನ ಹೋಸ್ ಪೈಪ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಾಕಿ ನಿಧಾನಕ್ಕೆ ತಿರುಗಿಸಿ. ಕಾದ ಎಂಜಿನ್‌ಗೆ ತಣ್ಣೀರು ಸುರಿಯುವವರನ್ನು ಹೆದ್ದಾರಿ ಬದಿಯಲ್ಲಿ ಈಗಲೂ ನೋಡುತ್ತೇವೆ. ಎರಕದ ಕಬ್ಬಿಣದ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಸೀಳು ಬಿಡಲು ಅಷ್ಟು ಸಾಕು.

ಗೇಜ್ ನಿಜ ಹೇಳುತ್ತಿದೆಯೇ?

ಐವತ್ತು ವರ್ಷದ ಹಳೆಯ ಗೇಜನ್ನು ಕಣ್ಣುಮುಚ್ಚಿ ನಂಬುವುದು ಬೇಡ. ಎಂಜಿನ್ ಸರಿಯೇ ಇದ್ದು ಗೇಜ್ ಮಾತ್ರ ಕೆಟ್ಟಿರುವ ಗಾಡಿಗಳು ಬಹಳ ಇವೆ.

ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಕೊಳ್ಳಿ. ಈ ಕೆಲಸಕ್ಕೆ ಹಾಕಲೇಬೇಕಾದ ಖರ್ಚು ಅಂದರೆ ಅದೊಂದೇ ಅಂತ ನನ್ನ ಅಭಿಪ್ರಾಯ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಮೇಲೆ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಗನ್ ಕಡಿಮೆ ತೋರಿಸುತ್ತದೆ. ಅಲ್ಲಿ ಸ್ವಲ್ಪ ಕಪ್ಪು ಟೇಪ್ ಅಂಟಿಸಿ, ಟೇಪಿನ ಮೇಲೆ ಅಳೆದರೆ ಸರಿಯಾದ ಅಂಕಿ ಸಿಗುತ್ತದೆ. 82 ಡಿಗ್ರಿಯ ಥರ್ಮೋಸ್ಟಾಟ್ ಹಾಕಿದ ಗಾಡಿ ಬೇಸಿಗೆಯ ದಟ್ಟಣೆಯಲ್ಲಿ 90, 95 ಮುಟ್ಟಿದರೆ ಗಾಬರಿ ಬೇಡ. ಅದು ಅಲ್ಲಿಗೇ ನಿಲ್ಲುತ್ತದೆಯೋ, ನಿಲ್ಲದೆ ಏರುತ್ತಲೇ ಹೋಗುತ್ತದೆಯೋ ಅನ್ನುವುದನ್ನು ನೋಡಬೇಕು.

ಕೆಲವು ವರ್ಷಗಳ ಮಾದರಿಗಳಲ್ಲಿ ವಿದ್ಯುತ್ ಗೇಜ್ ಇದೆ. ಅದಕ್ಕೆ ವೋಲ್ಟೇಜ್ ಸ್ಟೆಬಿಲೈಸರ್ ಅನ್ನುವ ಸಣ್ಣ ಡಬ್ಬಿ ಸುಮಾರು 10 ವೋಲ್ಟ್ ಕೊಡುತ್ತದೆ. ಪೆಟ್ರೋಲ್ ಗೇಜಿಗೂ ಕರೆಂಟ್ ಅಲ್ಲಿಂದಲೇ. ಆ ಡಬ್ಬಿ ಕೆಟ್ಟರೆ ಅಥವಾ ಅದರ ಅರ್ಥಿಂಗ್ ಸಡಿಲವಾದರೆ ಎರಡೂ ಮುಳ್ಳುಗಳು ಒಟ್ಟಿಗೇ ಜಾಸ್ತಿ ತೋರಿಸುತ್ತವೆ. ಹಾಗಾಗಿ ಗಾಡಿ ಹೀಟ್ ಅಂತ ತೋರಿಸುವಾಗ ಪೆಟ್ರೋಲ್ ಗೇಜನ್ನೂ ಒಮ್ಮೆ ನೋಡಿ. ಅರ್ಧ ಟ್ಯಾಂಕ್ ಇರುವಾಗ ಮುಕ್ಕಾಲು ತೋರಿಸುತ್ತಿದ್ದರೆ ರೇಡಿಯೇಟರ್ ಸುದ್ದಿಗೆ ಹೋಗಬೇಡಿ, ಡ್ಯಾಶ್‌ಬೋರ್ಡ್ ಹಿಂದೆ ಕೈಹಾಕಿ.

ಸೆನ್ಸರ್ ತೆಗೆಯಲು ಬಂದರೆ ಅದನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟೂ ನೋಡಬಹುದು. ಆದರೆ ಒಂದು ನೆನಪಿರಲಿ. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 100ಕ್ಕೆ ಅಲ್ಲ, 97.5 ಡಿಗ್ರಿಯ ಹತ್ತಿರ.

ಯಾವಾಗ ಹೀಟ್ ಆಗುತ್ತದೆ?

ಗೇಜ್ ನಿಜ ಹೇಳುತ್ತಿದೆ ಅಂತ ಖಾತ್ರಿಯಾದ ಮೇಲೆ ಒಂದು ವಾರ ಗಾಡಿಯನ್ನು ಹಾಗೇ ಓಡಿಸಿ, ನೋಟ್‌ಬುಕ್ ಇಟ್ಟುಕೊಂಡು ಬರೆಯಿರಿ. ಎಲ್ಲಿ, ಯಾವ ವೇಗ, ಹೊರಗೆ ಎಷ್ಟು ಬಿಸಿಲು, ಗೇಜ್ ಎಷ್ಟು. ಈ ಕೆಲಸ ಬೇಸರ ಅನ್ನಿಸಬಹುದು. ಆದರೆ ಇಡೀ ಪತ್ತೆದಾರಿಕೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಕೆಲಸ ಇನ್ನೊಂದಿಲ್ಲ.

ತಿಲಕವಾಡಿಯ ರೈಲ್ವೆ ಗೇಟ್ ಮುಂದೆ ನಿಂತಾಗ ಏರುತ್ತದೆ, ಗೇಟ್ ದಾಟಿ ಸ್ವಲ್ಪ ದೂರ ಓಡಿಸಿದರೆ ಇಳಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡಾಗ ಏರುತ್ತದೆ, ಓವರ್‌ಟೇಕ್ ಮಾಡಿದ ಮೇಲೆ ಇಳಿಯುತ್ತದೆ. ಇದು ಗಾಳಿಯ ಸಮಸ್ಯೆ. ವೇಗವಾಗಿ ಹೋಗುವಾಗ ಗಾಳಿ ತಾನೇ ನುಗ್ಗುತ್ತದೆ, ನಿಧಾನವಾದಾಗ ಫ್ಯಾನ್ ಎಳೆಯಬೇಕು, ಅದು ಎಳೆಯುತ್ತಿಲ್ಲ. ಡಿಸೆಂಬರ್ ಚಳಿಯಲ್ಲೂ ಹೀಗೇ ಆದರೆ ಸಂಶಯವೇ ಬೇಡ.

ಊರೊಳಗೆ ಚೆನ್ನಾಗಿದೆ, ಹೆದ್ದಾರಿಯಲ್ಲಿ 80, 90ರ ವೇಗದಲ್ಲಿ ಅರ್ಧ ಗಂಟೆ ಓಡಿದರೆ ನಿಧಾನಕ್ಕೆ ಏರುತ್ತದೆ ಅಂದರೆ ಕಥೆ ಪೂರ್ತಿ ಬೇರೆ. ಗಾಳಿ ಬೇಕಾದಷ್ಟಿದೆ, ನೀರು ಓಡುತ್ತಿಲ್ಲ. ರೇಡಿಯೇಟರ್ ಒಳಗೆ ಕಟ್ಟಿದೆ, ಕೆಳಗಿನ ಹೋಸ್ ಚಪ್ಪಟೆಯಾಗುತ್ತಿದೆ, ಇಲ್ಲವೇ ಪಂಪ್ ಸೋತಿದೆ. ಇಗ್ನಿಷನ್ ಟೈಮಿಂಗ್ (ಸಿಲಿಂಡರ್ ಒಳಗೆ ಕಿಡಿ ಹತ್ತುವ ಹೊತ್ತು) ವೇಗಕ್ಕೆ ತಕ್ಕಂತೆ ಮುಂದೆ ಹೋಗದಿದ್ದರೂ ಹೀಗೇ ಆಗುತ್ತದೆ.

ಘಾಟ್ ಹತ್ತುವಾಗ ಮಾತ್ರ ಏರುವುದು ಮೂರನೆಯ ಬಗೆ. ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬರುವಾಗ ಎಂಜಿನ್ ಮೇಲೆ ಭಾರ ಜಾಸ್ತಿ, ಗಾಡಿಯ ವೇಗ ಕಡಿಮೆ. ಎರಡೂ ಕಡೆಯಿಂದ ಪೆಟ್ಟು. ಇಲ್ಲಿ ದೊಡ್ಡ ದೋಷ ಒಂದೇ ಇರಬೇಕೆಂದಿಲ್ಲ. ಅರ್ಧ ಕಟ್ಟಿದ ರೇಡಿಯೇಟರ್, ಸ್ವಲ್ಪ ಹಿಂದಿರುವ ಟೈಮಿಂಗ್, ಸ್ವಲ್ಪ ತೆಳುವಾದ ಮಿಕ್ಸ್ಚರ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಇರುವ ಮಿಶ್ರಣ) ಮೂರೂ ಸೇರಿರುತ್ತವೆ. ವಂಟಮುರಿ ಘಾಟ್‌ನಲ್ಲಿ ಏರದ ಮುಳ್ಳು ಚೋರ್ಲಾದಲ್ಲಿ ಏರುತ್ತದೆ ಅಂದರೆ ಗಾಡಿಯ ತಂಪಾಗುವ ಶಕ್ತಿ ಅಂಚಿನಲ್ಲಿದೆ ಅಂತ ತಿಳಿಯಿರಿ.

ತಣ್ಣಗಿದ್ದ ಗಾಡಿ ಸ್ಟಾರ್ಟ್ ಮಾಡಿದ ಐದಾರು ನಿಮಿಷಕ್ಕೇ ಕೆಂಪು ಮುಟ್ಟಿದರೆ ಥರ್ಮೋಸ್ಟಾಟ್ ಮುಚ್ಚಿ ಕೂತಿದೆ, ನೀರಿಲ್ಲ, ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಹೋಗಿದೆ. ಇಂಥ ಗಾಡಿಯನ್ನು ಓಡಿಸಬೇಡಿ.

ಇನ್ನು ಗಾಡಿ ಆಫ್ ಮಾಡಿ ಕೀ ಮತ್ತೆ ತಿರುಗಿಸಿದಾಗ ಮುಳ್ಳು ಮೊದಲಿಗಿಂತ ಮೇಲೆ ಇರುವುದು ರೋಗವಲ್ಲ. ನೀರಿನ ಓಡಾಟ ನಿಂತ ಮೇಲೆ ಕಬ್ಬಿಣದ ಬಿಸಿ ನೀರಿಗೆ ಇಳಿಯುತ್ತದೆ. ಕೆಲವು ನಿಮಿಷ ಏರಿ ಆಮೇಲೆ ಇಳಿಯುತ್ತದೆ.

ನೀರು, ಕ್ಯಾಪ್, ಹೋಸ್

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ನೋಡಿ. ಓವರ್‌ಫ್ಲೋ ಬಾಟಲ್ ಇಲ್ಲದ ಹಳೆಯ ಎಂಜಿಬಿಗಳಲ್ಲಿ ನೀರು ಬಾಯಿಯವರೆಗೆ ಇರಬಾರದು. ಬಿಸಿಯಾದಾಗ ನೀರು ಹಿಗ್ಗುತ್ತದೆ, ಜಾಗ ಸಾಲದಿದ್ದರೆ ಹೊರಗೆ ಚೆಲ್ಲುತ್ತದೆ. ಬೆಳಿಗ್ಗೆ ಮಾಲೀಕರು ಮತ್ತೆ ತುಂಬುತ್ತಾರೆ, ಅದು ಮತ್ತೆ ಚೆಲ್ಲುತ್ತದೆ. ನೀರು ಕಡಿಮೆಯಾಗ್ತಿದೆ ಅನ್ನುವ ಎಷ್ಟೋ ದೂರುಗಳು ಇಷ್ಟೇ. ಒಂದು ಇಂಚಿನಷ್ಟು ಜಾಗ ಬಿಟ್ಟು ತುಂಬಿ, ನಾಲ್ಕು ದಿನ ನೋಡಿ. ಒಂದು ಮಟ್ಟಕ್ಕೆ ಬಂದು ನಿಂತರೆ ಸೋರಿಕೆ ಇಲ್ಲ.

ಕ್ಯಾಪ್‌ಗೆ ನಮ್ಮ ಜನ ಬೆಲೆ ಕೊಡುವುದೇ ಇಲ್ಲ. ಸರಿಯಾದ ಕ್ಯಾಪ್ ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲಕ್ಕೆ ಒಯ್ಯುತ್ತದೆ. ಬೆಳಗಾವಿಯ ಎತ್ತರದಲ್ಲಿ 7 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಇದ್ದರೆ ಬರೀ ನೀರೂ ಸುಮಾರು 109 ಡಿಗ್ರಿಯವರೆಗೆ ಕುದಿಯುವುದಿಲ್ಲ. 10 ಪಿಎಸ್‌ಐ ಇದ್ದರೆ ಸುಮಾರು 113ರವರೆಗೆ. ಕ್ಯಾಪ್‌ನ ರಬ್ಬರ್ ಸತ್ತಿದ್ದರೆ 97.5ಕ್ಕೇ ಕುದಿ ಶುರು. ಅಂದರೆ ಎಂಜಿನ್ ಹೆಚ್ಚು ಬಿಸಿಯಾಗದೆಯೇ ಉಗಿ ಬರುತ್ತದೆ. ನಿಮ್ಮ ವರ್ಷದ ಮಾದರಿಗೆ ಎಷ್ಟು ಪಿಎಸ್‌ಐ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ, ಅಷ್ಟನ್ನೇ ಹಾಕಿ. ಜಾಸ್ತಿ ಒತ್ತಡದ ಕ್ಯಾಪ್ ಹಾಕಿದರೆ ಹಳೆಯ ರೇಡಿಯೇಟರ್‌ನ ಬೆಸುಗೆ ಬಿಡುತ್ತದೆ. ಕ್ಯಾಪ್‌ನ ಕೆಳಗಿನ ಭಾಗದ ಉದ್ದವೂ ಮುಖ್ಯ. ಗಿಡ್ಡ ಕ್ಯಾಪ್ ಉದ್ದನೆಯ ಕತ್ತಿನ ರೇಡಿಯೇಟರ್‌ನಲ್ಲಿ ಸೀಟ್ ಮುಟ್ಟುವುದೇ ಇಲ್ಲ.

ಮೇಲಿನ ಹೋಸನ್ನು ಹಿಂಡಿ ನೋಡಿ. ಬಿರುಕು ಬಿಟ್ಟಿದ್ದರೆ, ಮೆತ್ತಗಾಗಿದ್ದರೆ ಬದಲಿಸಿ. ಕೆಳಗಿನ ಹೋಸ್ ಕಡೆ ಜಾಸ್ತಿ ಗಮನ ಕೊಡಿ. ಪಂಪ್ ನೀರು ಹೀರುವುದು ಅಲ್ಲಿಂದ. ಯಾರಾದರೂ ಎಂಜಿನ್ ವೇಗ 3,000ಕ್ಕೆ ಏರಿಸಲಿ, ನೀವು ಪಕ್ಕದಿಂದ ಟಾರ್ಚ್ ಹಿಡಿದು ಹೋಸ್ ನೋಡಿ. ಅದು ಒಳಕ್ಕೆ ಕುಗ್ಗಿದರೆ ಹೆದ್ದಾರಿಯಲ್ಲಿ ಹೀಟ್ ಆಗುವ ಕಾರಣ ಸಿಕ್ಕಿತು. ಸಡಿಲ ಅಂಗಿ, ಉದ್ದ ಕೂದಲು, ಬೆರಳು ಯಾವುದೂ ಫ್ಯಾನ್ ಹತ್ತಿರ ಹೋಗಬಾರದು.

ನೀರಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಾಗಲಕೋಟೆ, ವಿಜಯಪುರ ಕಡೆಯ ಬೋರ್‌ವೆಲ್ ನೀರು ಬಹಳ ಗಡಸು. ಪಾತ್ರೆಯಲ್ಲಿ ಬಿಳಿ ಪದರು ಕಟ್ಟುವುದನ್ನು ದಿನಾ ನೋಡುತ್ತೇವೆ. ಅದೇ ಪದರು ಎಂಜಿನ್ ಒಳಗೂ ರೇಡಿಯೇಟರ್ ನಳಿಗೆಗಳಲ್ಲೂ ಕಟ್ಟುತ್ತದೆ. ಆ ಪದರು ಬಿಸಿಯನ್ನು ದಾಟಲು ಬಿಡುವುದಿಲ್ಲ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಅದಕ್ಕೆ ಮೂರನೇ ಒಂದು ಭಾಗ ಕೂಲೆಂಟ್ ಸೇರಿಸಿದರೆ ತುಕ್ಕು ಹಿಡಿಯುವುದಿಲ್ಲ. ಅರ್ಧಕ್ಕರ್ಧ ಬೇಕಾಗುವುದು ನೀರು ಹೆಪ್ಪುಗಟ್ಟುವ ಊರಿನಲ್ಲಿ. ಬಿಸಿ ಹೊತ್ತೊಯ್ಯುವುದರಲ್ಲಿ ಕೂಲೆಂಟ್‌ಗಿಂತ ನೀರೇ ಮೇಲು.

ಗಾಳಿ

ನಿಧಾನದಲ್ಲಿ ಹೀಟ್ ಆಗುವ ಗಾಡಿಯಾದರೆ ಇಲ್ಲಿಂದ ಶುರು ಮಾಡಿ. ಎಂಜಿನ್ ಐಡಲ್‌ನಲ್ಲಿರುವಾಗ ಗ್ರಿಲ್ ಮುಂದೆ ದಿನಪತ್ರಿಕೆಯ ಒಂದು ಹಾಳೆ ಹಿಡಿಯಿರಿ. ಗ್ರಿಲ್‌ಗೆ ಅಂಟಿಕೊಂಡು ನಿಲ್ಲಬೇಕು. ಬಿದ್ದುಹೋದರೆ ಅಥವಾ ನಿಮ್ಮ ಕಡೆಗೆ ಹಾರಿದರೆ ಫ್ಯಾನ್ ತಪ್ಪಾಗಿದೆ. ಹೌದು, ಫ್ಯಾನನ್ನು ಹಿಂದುಮುಂದಾಗಿ ಕೂಡಿಸಿದ ಗಾಡಿಗಳಿವೆ. ಆಮೇಲೆ ಹಾಕಿಸಿದ ಎಲೆಕ್ಟ್ರಿಕ್ ಫ್ಯಾನ್‌ನ ಎರಡು ವೈರ್ ಅದಲುಬದಲಾದರೆ ಗಾಳಿ ತಿರುಗಿಬಿಡುತ್ತದೆ.

ಫ್ಯಾನ್ ಬೆಲ್ಟ್‌ನ ಉದ್ದನೆಯ ಭಾಗವನ್ನು ಬೆರಳಿನಿಂದ ಒತ್ತಿ. ಅರ್ಧ ಇಂಚಿನಷ್ಟು ಬಾಗಬೇಕು. ಅದಕ್ಕಿಂತ ಸಡಿಲವಾಗಿದ್ದರೆ ಜಾರುತ್ತದೆ. ರೇಡಿಯೇಟರ್ ಸುತ್ತ ಇರುವ ಸಂದುಗಳನ್ನೂ ನೋಡಿ. ಮೂಲದಲ್ಲಿ ಅಲ್ಲಿ ಫೋಮ್ ಪಟ್ಟಿ ಇರುತ್ತದೆ, ಪೇಂಟ್ ಕೆಲಸದ ಹೊತ್ತಿಗೆ ಹಲವರು ಅದನ್ನು ಎಸೆದುಬಿಡುತ್ತಾರೆ. ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಹೋಗುತ್ತದೆ. ಗ್ರಿಲ್ ಮುಂದೆ ದೊಡ್ಡ ಫಾಗ್ ಲೈಟ್, ಜೋಡಿ ಹಾರ್ನ್, ಕ್ಲಬ್ ಬ್ಯಾಡ್ಜ್ ತುಂಬಿದ್ದರೆ ಬೇಸಿಗೆ ಮುಗಿಯುವವರೆಗೆ ತೆಗೆದಿಡಿ. ಚೆಂದ ಕಾಣುತ್ತವೆ ನಿಜ, ಆದರೆ ಗಾಳಿಗೆ ಅಡ್ಡ.

ಫಿನ್‌ಗಳ ನಡುವೆ ಧೂಳು, ಹುಳು, ಕಬ್ಬಿನ ರವದಿಯ ಚೂರು ಸಿಕ್ಕಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಸರ್ವೀಸ್ ಸ್ಟೇಷನ್‌ನ ಜೋರು ನೀರು ಬೇಡ, ಫಿನ್ ಮಡಚಿಹೋಗುತ್ತವೆ.

ನೀರಿನ ಓಡಾಟ

ಮೊದಲು ಥರ್ಮೋಸ್ಟಾಟ್. ಅದನ್ನು ಬಿಚ್ಚಿ, ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ಇಳಿಬಿಡಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ನಿಧಾನಕ್ಕೆ ಕಾಯಿಸಿ. ಅದರ ಮೇಲೆ 82 ಅಂತ ಇದ್ದರೆ ಆ ಆಸುಪಾಸಿನಲ್ಲಿ ಬಾಯಿ ಬಿಡಲು ಶುರು ಮಾಡಬೇಕು. ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಎಂಜಿಬಿಗೆ ಬಿಸಿಲ ನಾಡಿಗೆಂದೇ 74 ಡಿಗ್ರಿಯದೂ ಸಿಗುತ್ತದೆ. ಅದು ಸ್ವಲ್ಪ ಬೇಗ ತೆರೆಯುತ್ತದೆ, ಅಷ್ಟೇ. ಕಟ್ಟಿಕೊಂಡ ರೇಡಿಯೇಟರ್‌ಗೆ ಅದು ಮದ್ದಲ್ಲ.

ಥರ್ಮೋಸ್ಟಾಟ್ ಪೂರ್ತಿ ತೆಗೆದು ಓಡಿಸುವುದು ಸರಿಯಲ್ಲ. ಅದು ನೀರಿಗೆ ಸ್ವಲ್ಪ ತಡೆ ಒಡ್ಡುತ್ತದೆ. ಆ ತಡೆಯಿಂದ ಹೆಡ್ ಒಳಗೆ ಒತ್ತಡ ಉಳಿದು, ಎಕ್ಸಾಸ್ಟ್ ವಾಲ್ವ್ ಸುತ್ತ ನೀರು ಅಲ್ಲಲ್ಲೇ ಕುದಿಯುವುದು ತಪ್ಪುತ್ತದೆ. ಅದೂ ಅಲ್ಲದೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯೇ ಆಗದೆ ಆಯಿಲ್ ಹಾಳಾಗುತ್ತದೆ, ಸಿಲಿಂಡರ್ ಸವೆಯುತ್ತದೆ.

ಮತ್ತೆ ನೀರು ತುಂಬುವಾಗ ಗಾಡಿಯ ಮುಂಭಾಗ ಸ್ವಲ್ಪ ಎತ್ತರದಲ್ಲಿರಲಿ, ಹೀಟರ್ ವಾಲ್ವ್ ತೆರೆದಿರಲಿ. ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಥರ್ಮೋಸ್ಟಾಟ್‌ನ ಅಂಚಿನಲ್ಲಿ 3 ಮಿ.ಮೀ. ತೂತು ಹಾಕಿದರೆ ಗಾಳಿ ತಾನೇ ಹೊರಬರುತ್ತದೆ.

ಈಗ ಥರ್ಮಾಮೀಟರ್ ಗನ್ ಮತ್ತೆ ಕೈಗೆ ಬರಲಿ. ಬಿಸಿ ಎಂಜಿನ್‌ನಲ್ಲಿ ರೇಡಿಯೇಟರ್‌ನ ಮೇಲಿನ ಟ್ಯಾಂಕ್, ಕೆಳಗಿನ ಟ್ಯಾಂಕ್ ಎರಡನ್ನೂ ಅಳೆಯಿರಿ. ಮೇಲೆ ಬಹಳ ಬಿಸಿ, ಕೆಳಗೆ ಬಹಳ ತಣ್ಣಗೆ ಅಂದರೆ ನೀರು ತುಂಬಾ ನಿಧಾನವಾಗಿ ಇಳಿಯುತ್ತಿದೆ. ನಳಿಗೆ ಕಟ್ಟಿರಬೇಕು ಅಥವಾ ಪಂಪ್ ದುರ್ಬಲವಾಗಿರಬೇಕು. ಮೇಲೆ ಕೆಳಗೆ ಎರಡೂ ಹೆಚ್ಚುಕಡಿಮೆ ಒಂದೇ ಅಂದರೆ ನೀರು ಓಡುತ್ತಿದೆ, ಬಿಸಿ ಹೊರಗೆ ಹೋಗುತ್ತಿಲ್ಲ. ಆಗ ಮತ್ತೆ ಫ್ಯಾನ್ ಮತ್ತು ಫಿನ್ ನೋಡಬೇಕು. ನಂತರ ಎಂಜಿನ್ ಆಫ್ ಮಾಡಿ ರೇಡಿಯೇಟರ್‌ನ ಮುಖದ ಮೇಲೆಲ್ಲ ಗನ್ ಓಡಿಸಿ. ಸುತ್ತಲೂ 80 ತೋರಿಸುವಾಗ ಒಂದು ಮೂಲೆ ಮಾತ್ರ 50 ತೋರಿಸಿದರೆ ಆ ನಳಿಗೆಗಳು ಸತ್ತಿವೆ.

ಅಂಥ ಹಿತ್ತಾಳೆ, ತಾಮ್ರದ ರೇಡಿಯೇಟರನ್ನು ಗುಜರಿಗೆ ಹಾಕಬೇಡಿ. ಲಾರಿ, ಟ್ರ್ಯಾಕ್ಟರ್ ರೇಡಿಯೇಟರ್ ಕೆಲಸ ಮಾಡುವವರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿದ್ದಾರೆ. ಮೇಲಿನ ಟ್ಯಾಂಕ್ ಬೆಸುಗೆ ಬಿಚ್ಚಿ, ನಳಿಗೆಗಳಲ್ಲಿ ಕಡ್ಡಿ ಆಡಿಸಿ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹಳೆಯ ಟ್ಯಾಂಕ್‌ಗಳನ್ನೇ ಉಳಿಸಿಕೊಂಡು ಹೊಸ ಕೋರ್ ಹಾಕಿಸಬಹುದು. ಹೊರಗಿನಿಂದ ತರಿಸುವ ಅಲ್ಯೂಮಿನಿಯಂ ರೇಡಿಯೇಟರ್‌ಗಿಂತ ನನಗೆ ಇದೇ ಇಷ್ಟ. ಗಾಡಿಯ ಮೂಲ ರೂಪ ಉಳಿಯುತ್ತದೆ, ರಿಪೇರಿಯೂ ಊರಲ್ಲೇ ಆಗುತ್ತದೆ.

ವಾಟರ್ ಪಂಪ್ ನೋಡುವುದು ಸುಲಭ. ಫ್ಯಾನ್ ಹಿಡಿದು ಹಿಂದೆ ಮುಂದೆ ಅಲುಗಿಸಿ. ಆಟ ಇದ್ದರೆ ಬೇರಿಂಗ್ ಹೋಗಿದೆ. ಕೆಳಗಿನ ಸಣ್ಣ ತೂತಿನಿಂದ ನೀರು ಒಸರುತ್ತಿದ್ದರೆ ಸೀಲ್ ಹೋಗಿದೆ.

ಇಷ್ಟೆಲ್ಲ ಸರಿಯಿದ್ದೂ ಹೀಟ್ ಆದರೆ ಬ್ಲಾಕ್ ಒಳಗೆ ನೋಡಬೇಕು. ದಶಕಗಳ ತುಕ್ಕು, ಗಡಸು ನೀರಿನ ಗಸಿ ಬ್ಲಾಕ್‌ನ ಹಿಂಭಾಗದಲ್ಲಿ, ನಾಲ್ಕನೇ ಸಿಲಿಂಡರ್ ಸುತ್ತ ಕೂಡಿರುತ್ತದೆ. ಬ್ಲಾಕ್‌ನ ಡ್ರೈನ್ ಟ್ಯಾಪ್ ತೆರೆಯಿರಿ. ನೀರು ಬರದಿದ್ದರೆ ತಂತಿ ಹಾಕಿ ಕೆದಕಿ. ಕೆಂಪು ಕೆಸರು ಬಂದರೆ ಥರ್ಮೋಸ್ಟಾಟ್ ಬಾಯಿಂದ ಹೋಸ್ ಇಟ್ಟು, ನೀರು ತಿಳಿಯಾಗುವವರೆಗೆ ಉಲ್ಟಾ ದಿಕ್ಕಿನಲ್ಲಿ ತೊಳೆಯಿರಿ. ಗಟ್ಟಿಯಾಗಿ ಕೂತಿದ್ದರೆ ಬ್ಲಾಕ್ ಪಕ್ಕದ ಕೋರ್ ಪ್ಲಗ್ ತೆಗೆಸಿ ಕೈಯಿಂದಲೇ ಕೆರೆಯಬೇಕು. ಹೊಸ ರೇಡಿಯೇಟರ್ ಹಾಕುವ ಮೊದಲು ಈ ಕೆಲಸ ಮಾಡದಿದ್ದರೆ ಆ ಗಸಿಯೆಲ್ಲ ಹೊಸದರ ನಳಿಗೆಗೇ ಹೋಗಿ ಕೂರುತ್ತದೆ.

ಟೈಮಿಂಗ್ ಮತ್ತು ಇವತ್ತಿನ ಪೆಟ್ರೋಲ್

ಹೀಟ್ ಅಂದರೆ ಎಲ್ಲರೂ ನೀರಿನ ಕಡೆಗೇ ನೋಡುತ್ತಾರೆ. ಆದರೆ ಬಿಸಿ ಹುಟ್ಟುವುದು ಸಿಲಿಂಡರ್ ಒಳಗೆ ಅಲ್ವಾ? ಅಲ್ಲಿ ಕಿಡಿ ತಡವಾಗಿ ಹತ್ತಿದರೆ ಪೆಟ್ರೋಲ್ ಇನ್ನೂ ಉರಿಯುತ್ತಿರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಆ ಬೆಂಕಿಯ ಬಿಸಿ ಹೆಡ್‌ಗೆ ಹೋಗುತ್ತದೆ. ಗಾಡಿಯ ಎಳೆತವೂ ಕಡಿಮೆಯಾಗಿರುತ್ತದೆ. ಎಳೆಯುವುದಿಲ್ಲ, ಹೀಟ್ ಬೇರೆ ಆಗುತ್ತದೆ ಅನ್ನುವ ಗಾಡಿಯಲ್ಲಿ ಮೊದಲು ಟೈಮಿಂಗ್ ನೋಡಿ.

ಟೈಮಿಂಗ್ ಲೈಟ್ ಹಿಡಿದು ಮ್ಯಾನ್ಯುಯಲ್‌ನ ಅಂಕಿಗೆ ಹೋಲಿಸಿ. ಎಂಜಿನ್ ವೇಗ ಏರಿಸಿದಂತೆ ಗುರುತು ಮುಂದೆ ಹೋಗಬೇಕು. ಹೋಗದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಜಾಮ್ ಆಗಿವೆ. ಎರಡು ಹನಿ ತೆಳು ಎಣ್ಣೆ ಹಾಕಿ ಬಿಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ವ್ಯಾಕ್ಯೂಮ್ ಪೈಪನ್ನು ಬಾಯಿಂದ ಎಳೆದು ನೋಡಿ. ಒಳಗಿನ ಪ್ಲೇಟ್ ಸರಿಯಬೇಕು, ಎಳೆತ ನಿಲ್ಲಬೇಕು. ಗಾಳಿ ಸುಮ್ನೆ ಬರುತ್ತಲೇ ಇದ್ದರೆ ಡಯಾಫ್ರಾಮ್ ಹರಿದಿದೆ.

ಇನ್ನೊಂದು ಕಾರಣ ಪೆಟ್ರೋಲ್ ಬಂಕ್‌ನಲ್ಲೇ ಇದೆ. ಈಗ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳೇ ಆ ಎಥನಾಲ್ ತಯಾರಿಸುತ್ತವೆ. ಇಲ್ಲಿನ ಕಬ್ಬು ಬೆಳೆಗಾರರಿಗೆ ಅದು ಒಳ್ಳೆಯದೇ. ಆದರೆ ಹಳೆಯ ಕಾರ್ಬ್ಯುರೇಟರ್‌ಗೆ ಅದು ಗೊತ್ತಿಲ್ಲ. 1 ಕೆ.ಜಿ. ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಕೆ.ಜಿ. ಸಾಕು. ಬರೀ ಪೆಟ್ರೋಲ್‌ಗೆ ಹೊಂದಿಸಿಟ್ಟ ಕಾರ್ಬ್ಯುರೇಟರ್ ಈಗಲೂ ಅಷ್ಟೇ ಗಾಳಿ ಬಿಡುತ್ತದೆ, ಮಿಕ್ಸ್ಚರ್ ತೆಳುವಾಗುತ್ತದೆ. ಹೊಸ ಗಾಡಿಯಲ್ಲಿ ಸೆನ್ಸರ್ ಸರಿಪಡಿಸಿಕೊಳ್ಳುತ್ತದೆ, ಹಳೆಯದರಲ್ಲಿ ನಾವೇ ಮಾಡಬೇಕು.

ಎಸ್‌ಯು ಕಾರ್ಬ್ಯುರೇಟರ್ ಇದ್ದರೆ ಪರೀಕ್ಷೆ ಬಹಳ ಸರಳ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರಲಿ. ಪಕ್ಕದ ಪಿನ್ ಒತ್ತಿ ಪಿಸ್ಟನ್ ಅನ್ನು ಕೂದಲೆಳೆಯಷ್ಟು, ಒಂದು ಮಿ.ಮೀ.ಗಿಂತಲೂ ಕಡಿಮೆ, ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಮಿಕ್ಸ್ಚರ್ ದಪ್ಪ. ಕುಸಿದು ನಿಲ್ಲಲು ಬಂದರೆ ತೆಳು. ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ತೆಳುವಾಗಿದ್ದರೆ ಎಚ್‌ಎಸ್4 ಮಾದರಿಯಲ್ಲಿ ಕೆಳಗಿನ ಆರು ಮೂಲೆಯ ಜೆಟ್ ನಟ್ ಅನ್ನು ಒಂದು ಮೂಲೆಯಷ್ಟು ಕೆಳಗಿಳಿಸಿ ಮತ್ತೆ ನೋಡಿ. ಎರಡು ಕಾರ್ಬ್ಯುರೇಟರ್ ಇದ್ದರೆ ಎರಡಕ್ಕೂ ಒಂದೇ ಸಮ. ಮ್ಯಾನಿಫೋಲ್ಡ್ ಜೋಡಣೆಯಲ್ಲಿ ಗಾಳಿ ಸೋರುತ್ತಿದ್ದರೂ ಮಿಕ್ಸ್ಚರ್ ತೆಳುವಾಗುತ್ತದೆ. ಸ್ಪ್ರೇ ಬಾಟಲಿಯಿಂದ ಆ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ. ಐಡಲ್ ಬದಲಾದರೆ ಸೋರಿಕೆ ಅಲ್ಲೇ ಇದೆ. ಪೆಟ್ರೋಲ್ ಚಿಮುಕಿಸಿ ನೋಡುವವರಿದ್ದಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ, ದಯವಿಟ್ಟು ಬೇಡ.

ಬಿಸಿಲಲ್ಲಿ ಗಾಡಿ ಎಳೆದಾಡಿ ನಿಂತುಹೋಗಿ, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಆದರೆ ಟೆಂಪರೇಚರ್ ಸರಿಯೇ ಇದೆ ಅಂದರೆ ಅದು ವೇಪರ್ ಲಾಕ್. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿರುತ್ತದೆ. ಅದಕ್ಕೆ ಕೂಲಿಂಗ್ ಸಿಸ್ಟಂ ಬಿಚ್ಚುವುದು ವ್ಯರ್ಥ. ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ಕಾರ್ಬ್ಯುರೇಟರ್ ಕೆಳಗಿನ ಶಾಖ ತಡೆಯುವ ತಗಡು ಇದೆಯೇ ನೋಡಿ.

ಬ್ರೇಕ್ ಹಿಡಿದುಕೊಂಡು ಓಡುವ ಗಾಡಿಯೂ ಹೀಟ್ ಆಗುತ್ತದೆ. ಸ್ವಲ್ಪ ದೂರ ಓಡಿಸಿ ನಾಲ್ಕೂ ಚಕ್ರಗಳಿಗೆ ಗನ್ ಹಿಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹೆಡ್ ಗ್ಯಾಸ್ಕೆಟ್

ಇದನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಬಿಚ್ಚುವ ಕೆಲಸ ದೊಡ್ಡದು. ಆದರೆ ಪರೀಕ್ಷೆ ಸಣ್ಣದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆಯುವ ಮೊದಲೇ ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ಬಿಡದೆ ಬರುತ್ತಿದ್ದರೆ ಸಿಲಿಂಡರ್‌ನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಕ್ಯಾಪ್ ಹಾಕಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೂ ಅದೇ ಅರ್ಥ. ನೀಲಿ ದ್ರವದ ಬ್ಲಾಕ್ ಟೆಸ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಆ ಗ್ಯಾಸ್ ತಾಗಿದರೆ ನೀಲಿ ಬಣ್ಣ ಹಳದಿಯಾಗುತ್ತದೆ. ಕಂಪ್ರೆಷನ್ ಗೇಜ್ ಹಾಕಿದಾಗ ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೇ ಕಡಿಮೆ ತೋರಿಸಿದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ.

ಆಯಿಲ್ ಕ್ಯಾಪ್ ಒಳಗೆ ಬಿಳಿ ಕೆನೆ ಕಂಡ ತಕ್ಷಣ ಗ್ಯಾಸ್ಕೆಟ್ ಹೋಯಿತು ಅಂತ ತೀರ್ಮಾನಿಸಬೇಡಿ. ಬೆಳಗಾವಿಯ ಮಳೆಗಾಲದಲ್ಲಿ ಬರೀ ಕ್ಯಾಂಪ್‌ನಿಂದ ಮಾರ್ಕೆಟ್‌ವರೆಗೆ ಓಡುವ ಗಾಡಿಯಲ್ಲಿ ಹವೆಯ ತೇವವೇ ಹಾಗೆ ಕಟ್ಟುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಆಗ ಚಿಂತೆ ಮಾಡಿ, ಎಂಜಿನ್ ಸ್ಟಾರ್ಟ್ ಮಾಡುವುದನ್ನು ನಿಲ್ಲಿಸಿ.

ಹೆಡ್ ಇಳಿಸಲೇಬೇಕಾದರೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಬೇಡಿ. ನೇರ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ಹಾಕಿ ನೋಡಿ. 0.05 ಮಿ.ಮೀ. ಎಲೆ ಸಲೀಸಾಗಿ ಒಳಹೋದರೆ ಹೆಡ್ ಬಾಗಿದೆ, ಫೇಸಿಂಗ್ ಮಾಡಿಸಬೇಕು, ಅಂದರೆ ಮೆಷಿನ್‌ನಲ್ಲಿ ಕೆರೆದು ಸಮತಟ್ಟು ಮಾಡಿಸಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗೂ ಮೆಷಿನ್ ಶಾಪ್‌ಗೂ ಬರವಿಲ್ಲ. ಎರಕದ ಕಬ್ಬಿಣದ ಗುಣ ಬಲ್ಲ ಕೈಗಳು ಅಲ್ಲಿವೆ. ಫೇಸಿಂಗ್ ಜೊತೆಗೆ ವಾಲ್ವ್‌ಗಳ ನಡುವೆ ಬಿರುಕಿದೆಯೇ ಅಂತಲೂ ನೋಡಲು ಹೇಳಿ. ಅಗತ್ಯಕ್ಕಿಂತ ಒಂದು ಕೂದಲೆಳೆಯೂ ಜಾಸ್ತಿ ಕೆರೆಯುವುದು ಬೇಡ ಅಂತ ಸ್ಪಷ್ಟವಾಗಿ ತಿಳಿಸಿ. ಹೆಡ್ ತೆಳುವಾದಷ್ಟೂ ಕಂಪ್ರೆಷನ್ ಏರುತ್ತದೆ, ನಾಕಿಂಗ್ ಶುರುವಾಗುತ್ತದೆ.

ಮತ್ತೆ ಕೂಡಿಸುವಾಗ ನಟ್‌ಗಳನ್ನು ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಕ್ರಮದಲ್ಲಿ, ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ. ಗಾಡಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಅದೇ ಕ್ರಮದಲ್ಲಿ ಇನ್ನೊಮ್ಮೆ ಟಾರ್ಕ್ ನೋಡಿ. ಆ ಕೆಲಸ ಮುಗಿದ ಮೇಲೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ಮತ್ತೆ ಹೊಂದಿಸಲೇಬೇಕು, ಏಕೆಂದರೆ ಹೆಡ್ ಕೆಳಗೆ ಕೂತಷ್ಟೂ ಆ ಗ್ಯಾಪ್ ಬದಲಾಗಿರುತ್ತದೆ.